ಒಬ್ಬ ಮಲಗಿದರೆ ಇನ್ನೊಬ್ಬ ಕಾವಲು

ಹೊಸದುರ್ಗದಲ್ಲಿ ಲಾರಿಗೆ ತೆಂಗಿನಕಾಯಿ ಲೋಡಾಗಿ, ಟಾರ್ಪಲ್ ಎಳೆದು ಹಗ್ಗ ಬಿಗಿಯುವಷ್ಟರಲ್ಲಿ ರಾತ್ರಿ ಹತ್ತು ಗಂಟೆ. ಹೊಳಲ್ಕೆರೆ ದಾಟಿ ಚಿತ್ರದುರ್ಗದ ಹತ್ತಿರ ಹೆದ್ದಾರಿ ಸೇರುವಾಗ ನನ್ನ ಗುರು ಹೇಳಿದರು: "ಹಿಂದಿನ ಹಲಗೆ ಮೇಲೆ ಮಲಕ್ಕೊ. ಈಗ ನಿದ್ದೆ ಮಾಡೋದೇ ನಿನ್ನ ಡ್ಯೂಟಿ."

ನಾನಾಗ ಹತ್ತೊಂಬತ್ತರ ಕ್ಲೀನರ್. ಸೀಟಿನ ಹಿಂದೆ ಆರಡಿ ಉದ್ದದ, ಎರಡಡಿಯೂ ಇಲ್ಲದ ಅಗಲದ ಹಲಗೆ. ಮೇಲೆ ಹರಿದ ರೆಕ್ಸಿನ್, ಕೆಳಗೆ ಜಾಕ್, ಸ್ಪ್ಯಾನರ್, ಸ್ಟೌ, ಅಕ್ಕಿ ಚೀಲ. ಆ ಒಂದೇ ಹಲಗೆ ನಮ್ಮಿಬ್ಬರಿಗೂ ಹಾಸಿಗೆ. ಗಾಡಿ ನಿಂತಾಗ ಅವರು ಮಲಗುತ್ತಿದ್ದರು, ನಾನು ಡೀಸೆಲ್ ಟ್ಯಾಂಕು, ಲೋಡು ಕಾಯುತ್ತಿದ್ದೆ. ಒಬ್ಬ ಮಲಗಿದ್ದಾಗ ಇನ್ನೊಬ್ಬ ಟೇಪು ಹಾಕಬಾರದು, ಬಾಗಿಲು ದಬ್ ಎನ್ನಿಸಬಾರದು, ಒಳಗೆ ಬೀಡಿ ಹಚ್ಚಬಾರದು. ನನಗೆ ಸ್ಟೇರಿಂಗ್ ಕೊಡುವ ಎಷ್ಟೋ ತಿಂಗಳು ಮೊದಲೇ ಗುರು ಕಲಿಸಿದ ಪಾಠ ಇದು.

ಈಗಿನ ಹುಡುಗರ ದಾರಿ ಬೇರೆ. ಸಾರಿಗೆ ವಾಹನ ಓಡಿಸಲು 20 ವರ್ಷ ತುಂಬಿರಬೇಕು, ಅದರ ಕಲಿಕಾ ಲೈಸೆನ್ಸ್‌ಗೆ (ಎಲ್‌ಎಲ್) ಮೊದಲು ಲಘು ವಾಹನದ ಲೈಸೆನ್ಸ್ ಪಡೆದು ಒಂದು ವರ್ಷವಾಗಿರಬೇಕು. 2021ರ ನಿಯಮದಂತೆ ಮಾನ್ಯತೆ ಪಡೆದ ಕೇಂದ್ರಗಳಲ್ಲಿ ಭಾರಿ ವಾಹನದ ಕೋರ್ಸು ಆರು ವಾರ, 38 ಗಂಟೆ. ಪಾಠ ಶಾಲೆಯಲ್ಲಿ ನಡೆದರೂ ಹಳ್ಳಿ ಹುಡುಗ ಮಲಗುವುದು ಊರಿನ ಬಾಡಿಗೆ ಕೋಣೆಯಲ್ಲಿ, ಗುರುತಿಲ್ಲದ ನಾಲ್ವರ ನಡುವೆ.

ನನ್ನ ಅಕ್ಕನ ಮಗ ಚಿತ್ರದುರ್ಗದಲ್ಲಿ ಹಾಗೇ ಇದ್ದ. ಐದು ಜನಕ್ಕೆ ಒಂದು ಕೋಣೆ, ಒಂದು ಬಚ್ಚಲು. ಮೂರನೇ ರಾತ್ರಿ ಫೋನ್ ಮಾಡಿದ: "ಮಾವ, ಗೇರು ಹೆಂಗಾದ್ರೂ ಕಲೀತೀನಿ, ನಿದ್ದೇನೇ ಇಲ್ಲ." ಒಬ್ಬ ರಾತ್ರಿ ಒಂದರವರೆಗೆ ರೀಲ್ಸ್ ನೋಡುತ್ತಿದ್ದ, ಇನ್ನೊಬ್ಬನ ಅಲಾರಂ ನಾಲ್ಕೂವರೆಗೆ. ಬೆಳಿಗ್ಗೆ ಸ್ಟೇರಿಂಗ್ ಹಿಡಿದಾಗ ಇವನ ಕಣ್ಣು ಎಳೆಯುತ್ತಿತ್ತು.

ನಾನೇ ಹೋಗಿ ಐವರನ್ನೂ ಕೂರಿಸಿದೆ. ಯಾರೂ ಕೆಟ್ಟವರಲ್ಲ, ಮಾತಾಡಿಕೊಂಡಿರಲಿಲ್ಲ ಅಷ್ಟೇ. ಹತ್ತಕ್ಕೆ ಲೈಟ್ ಆಫ್, ಫೋನುಗಳೆಲ್ಲ ಬಾಗಿಲ ಪಕ್ಕದ ಚಾರ್ಜಿಗೆ. ಬೇಗ ಏಳುವವನ ಚಾಪೆ ಬಾಗಿಲಿಗೆ ಹತ್ತಿರ. ಅವನ ಬಟ್ಟೆ, ಬಕೆಟ್ಟು ರಾತ್ರಿಯೇ ಹೊರಗೆ. ಅಕ್ಕಿ, ಗ್ಯಾಸಿನ ಲೆಕ್ಕಕ್ಕೆ ಮೊಳೆಗೆ ನೇತುಹಾಕಿದ ಒಂದು ನೋಟ್‌ಬುಕ್. ಮೊಟ್ಟೆ ಮುಟ್ಟದ ಹುಡುಗನೊಬ್ಬನಿದ್ದ, ಅವನಿಗೊಂದು ಬೇರೆ ಬಾಣಲೆ ತಂದರು. ಅದಕ್ಕೆ ಖರ್ಚಾಗಿದ್ದು ನೂರು ಚಿಲ್ಲರೆ. ಹಿರಿಯ ಹುಡುಗರು ಕಿರಿಯನ ಕೈಲಿ ಬಟ್ಟೆ ಒಗೆಸುತ್ತಿದ್ದರು, ಅದನ್ನು ಮಾತ್ರ ನಾನು ಗದರಿಸಿಯೇ ನಿಲ್ಲಿಸಿದೆ. ಕಲಿಯಲು ಬಂದವನು ಯಾರ ಆಳೂ ಅಲ್ಲ.

ಆ ಸಿಟ್ಟಿಗೆ ಕಾರಣವಿದೆ. ಗುರುವನ್ನು ಬಿಟ್ಟ ಮೇಲೆ ಇನ್ನೊಬ್ಬ ಡ್ರೈವರ್ ಜೊತೆ ಹೋದೆ. ಆತ ಕುಡಿದು, ಕ್ಯಾಬಿನ್ ಒಳಗಿನಿಂದ ಲಾಕ್ ಮಾಡಿ ಮಲಗಿಬಿಡುತ್ತಿದ್ದ. ಹಿರಿಯೂರಿನ ಹೊರಗೆ ಒಂದು ಮಳೆಯ ರಾತ್ರಿ ನಾನು ಚಾಸಿಯ ಕೆಳಗೆ ಗೋಣಿಚೀಲ ಹಾಸಿ ಮಲಗಿದೆ. ನಸುಕಿಗೆ ಎಂಜಿನ್ ಸ್ಟಾರ್ಟಾದ ಸದ್ದಿಗೆ ಉರುಳಿಕೊಂಡು ಹೊರಬಂದೆ. ಹಿಂದಿನ ಚಕ್ರ ನನ್ನ ಗೋಣಿಚೀಲದ ಮೇಲೆ ಹಾದುಹೋಯಿತು. ಎಷ್ಟೇ ಮಳೆ ಇರಲಿ, ಬಿಸಿಲಿರಲಿ, ಗಾಡಿ ಕೆಳಗೆ ಯಾರೂ ಮಲಗಬೇಡಿ. ಚಳಿಗೆ ಗಾಜು ಏರಿಸಿಕೊಂಡು ಕ್ಯಾಬಿನ್‌ನಲ್ಲಿ ಸ್ಟೌ ಉರಿಸಬೇಡಿ, ಕೋಣೆಯಲ್ಲಿ ಕೆಂಡ ಇಟ್ಟು ಬಾಗಿಲು ಮುಚ್ಚಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಮಲಗಿದವನಿಗೆ ಗೊತ್ತೇ ಆಗುವುದಿಲ್ಲ.

ಹೊಸದಾಗಿ ತಯಾರಾಗುವ ಮಧ್ಯಮ, ಭಾರಿ ಲಾರಿಗಳ ಕ್ಯಾಬಿನ್‌ಗೆ 2025ರಿಂದ ಎ.ಸಿ. ಕಡ್ಡಾಯವಾಗಿದೆ. ಒಳ್ಳೆಯದಾಯಿತು. ದಿನಕ್ಕೆ 8 ಗಂಟೆ ಕೆಲಸ, 5 ಗಂಟೆ ದುಡಿದರೆ ಅರ್ಧ ಗಂಟೆ ವಿಶ್ರಾಂತಿ ಎಂದು 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಆದರೆ ಆ ವಿಶ್ರಾಂತಿಗೆ ಬೆನ್ನು ಚಾಚುವ ಜಾಗ ಬೇಕಲ್ಲ.

ಅಕ್ಕನ ಮಗ ಪಾಸಾಗಿ ಈಗ ಹೊಳಲ್ಕೆರೆ ಕಡೆ ಅಡಿಕೆ ಲೋಡಿಗೆ ಹೋಗುತ್ತಾನೆ. ಲಾರಿ ಮಾಲೀಕರೇ, ನಿಮ್ಮ ಗಾಡಿಯಲ್ಲೂ ಒಬ್ಬ ಕಲಿಯುವ ಹುಡುಗನಿದ್ದರೆ, ಇವತ್ತು ರಾತ್ರಿ ಅವನು ಎಲ್ಲಿ ಮಲಗುತ್ತಾನೆ ಎಂದು ಒಂದು ಫೋನ್ ಮಾಡಿ ಕೇಳಿ.