ನಿಮಗಿದು ಗೊತ್ತೇ? ಲೈಬ್ರರಿಯನ್ನರೂ ಪಾಠ ಮಾಡುತ್ತಾರೆ!

ಕಾಲೇಜಿನ ಲೈಬ್ರರಿಯನ್ ಅಂದರೆ ಪುಸ್ತಕಕ್ಕೆ ಸಿಕ್ಕಾ ಹೊಡೆದು, ತಡವಾದರೆ ದಂಡ ಹಾಕುವವರು ಅಂತ ಅಂದುಕೊಂಡಿದ್ದೀರಾ? ಹಾಗಾದರೆ ಕೇಳಿ. ಯುಜಿಸಿ ನಿಯಮದಲ್ಲಿ ಕಾಲೇಜು ಗ್ರಂಥಪಾಲಕರಿಗೂ ಸಹಾಯಕ ಪ್ರಾಧ್ಯಾಪಕರಿಗೂ ಆರಂಭದ ವೇತನ ಶ್ರೇಣಿ ಒಂದೇ. ನೆಟ್, ಕೆ-ಸೆಟ್ ಪರೀಕ್ಷೆಗಳು ಅವರಿಗೂ ಇವೆ. ಕೌಂಟರಿನ ಆಚೆ ಕೂತವರು ನಿಮ್ಮ ಮೇಷ್ಟ್ರಿಗೆ ಸರಿಸಮ!

ಅವರು ಕಲಿಸುವುದು ಏನನ್ನು? ಬೇಕಾದ ಮಾಹಿತಿ ಎಲ್ಲಿದೆ, ಹೇಗೆ ಹುಡುಕಬೇಕು, ಸಿಕ್ಕಿದ್ದನ್ನು ಎಷ್ಟು ನಂಬಬೇಕು, ಬಳಸಿಕೊಂಡರೆ ಯಾರ ಹೆಸರು ಹೇಳಬೇಕು. ಇದಕ್ಕೆ ‘ಮಾಹಿತಿ ಸಾಕ್ಷರತೆ’ ಎನ್ನುತ್ತಾರೆ. 1974ರಲ್ಲಿ ಈ ಹೆಸರನ್ನು ಬಳಕೆಗೆ ತಂದವರು ಅಮೆರಿಕದ ಪಾಲ್ ಜುರ್ಕೋವ್‌ಸ್ಕಿ. ಅವರು ಓದಿದ್ದು ಕಾನೂನು!

ಆದರೆ ಹೆಸರು ಹುಟ್ಟುವ ಮೊದಲೇ ಕೆಲಸ ಹುಟ್ಟಿತ್ತು, ನಮ್ಮಲ್ಲೂ. ಎಸ್.ಆರ್. ರಂಗನಾಥನ್ 1940ರಲ್ಲೇ ‘ರೆಫರೆನ್ಸ್ ಸರ್ವಿಸ್ ಅಂಡ್ ಬಿಬ್ಲಿಯಾಗ್ರಫಿ’ ಎಂಬ ಪುಸ್ತಕ ತಂದರು. ಲೈಬ್ರರಿಗೆ ಹೊಸದಾಗಿ ಬಂದ ಓದುಗನಿಗೆ ಹುಡುಕುವ ದಾರಿ ಕಲಿಸಿಕೊಡುವುದೂ ಲೈಬ್ರರಿಯನ್ನನ ಕೆಲಸ ಎಂದರು. ಜುರ್ಕೋವ್‌ಸ್ಕಿಗಿಂತ 34 ವರ್ಷ ಮೊದಲು!

ಈ ರಂಗನಾಥನ್ ಮದ್ರಾಸು ವಿಶ್ವವಿದ್ಯಾಲಯದ ಲೈಬ್ರರಿಯನ್ ಆದದ್ದು 1924ರಲ್ಲಿ. ಅದಕ್ಕೂ ಮುಂಚೆ ಅವರು ಗಣಿತದ ಮೇಷ್ಟ್ರು. ಗ್ರಂಥಾಲಯದ ಬಗ್ಗೆ ಅವರಿಗೆ ಗೊತ್ತಿದ್ದದ್ದು ಎಷ್ಟು? ಸಂದರ್ಶನಕ್ಕೆ ಕೆಲವೇ ದಿನ ಮುಂಚೆ ಬ್ರಿಟಾನಿಕಾ ವಿಶ್ವಕೋಶದಲ್ಲಿ ಓದಿದ ಒಂದೇ ಒಂದು ಲೇಖನ! ಮುಂದೆ ಅವರೇ ಬೆಂಗಳೂರಿಗೆ ಬಂದು 1962ರಲ್ಲಿ ಡಿಆರ್‌ಟಿಸಿ ಎಂಬ ತರಬೇತಿ ಕೇಂದ್ರ ತೆರೆದು, ದೇಶದ ಲೈಬ್ರರಿಯನ್ನರಿಗೇ ಗುರುವಾದರು. ಇಂದು ಅವರ ಹೆಸರಿನಲ್ಲಿ ಆಗಸ್ಟ್ 12 ಗ್ರಂಥಪಾಲಕರ ದಿನ.

ಇನ್ನೊಂದು ಸೋಜಿಗ. 1880ರ ಸುಮಾರಿಗೇ ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳಿಗೆ ಲೈಬ್ರರಿ ಬಳಸುವುದನ್ನು ಕಲಿಸುತ್ತಿದ್ದವರು ಓಟಿಸ್ ರಾಬಿನ್ಸನ್. ಅವರೂ ಗಣಿತದ ಮೇಷ್ಟ್ರೇ!

ಸರಿ, ಈಗ ನಮ್ಮೂರ ಕಡೆ, ಬೆಳಗಾವಿ ಜಿಲ್ಲೆ ಗೋಕಾಕ ತಾಲ್ಲೂಕಿನ ಧುಪದಾಳಕ್ಕೆ ಬನ್ನಿ. ಫೋನಿನಲ್ಲಿ ಧುಪದಾಳ ಎಂದು ಹುಡುಕಿ. ಆಮೇಲೆ ಅದೇ ಊರನ್ನು ಧೂಪದಾಳ ಎಂದು ದೀರ್ಘ ಹಾಕಿ ಹುಡುಕಿ. ಮತ್ತೊಮ್ಮೆ ಇಂಗ್ಲಿಷ್ ಅಕ್ಷರಗಳಲ್ಲಿ, ಅಲ್ಲೂ ಎರಡು ಮೂರು ಕಾಗುಣಿತ ಬದಲಿಸಿ. ಪ್ರತಿ ಸಲವೂ ಬರುವ ಫಲಿತಾಂಶಗಳನ್ನು ಹೋಲಿಸಿ ನೋಡಿ. ಊರು ಒಂದೇ, ಪಟ್ಟಿ ಮಾತ್ರ ಬೇರೆ ಬೇರೆ!

ಇಷ್ಟಕ್ಕೇ ಮುಗಿಯಲಿಲ್ಲ. ಧುಪದಾಳದ ಒಡ್ಡಿನ ಹಿಂದೆ ನಿಂತ ನೀರಿಗೆ ಚಳಿಗಾಲದಲ್ಲಿ ದೂರದೇಶದ ಕೊಕ್ಕರೆಗಳು, ಕ್ರೌಂಚಗಳು ಬಂದಿಳಿಯುತ್ತವಲ್ಲ? ಆ ಪಕ್ಷಿಧಾಮದ ಹೆಸರು ಧುಪದಾಳ ಅಲ್ಲ, ಘಟಪ್ರಭಾ. ಹತ್ತಿರದ ರೈಲು ನಿಲ್ದಾಣಕ್ಕೂ ಅದೇ ಹೆಸರು. ಊರಿನ ಹೆಸರೊಂದನ್ನೇ ಹಿಡಿದು ಕೂತರೆ ಊರಿನ ಹಕ್ಕಿಗಳೇ ಕೈತಪ್ಪಿ ಹಾರಿಹೋದಾವು! ಒಂದು ವಿಷಯಕ್ಕೆ ಎಷ್ಟು ಹೆಸರುಗಳಿವೆ ಎಂದು ಮೊದಲು ಕಾಗದದ ಮೇಲೆ ಬರೆದುಕೊಳ್ಳಿ, ಆಮೇಲೆ ಹುಡುಕಿ. ಲೈಬ್ರರಿಯನ್ನರು ಕಲಿಸುವ ಮೊದಲ ಪಾಠಗಳಲ್ಲಿ ಇದೂ ಒಂದು.

ಒಂದು ಸಣ್ಣ ಪರೀಕ್ಷೆ. ಬೆಳಗಾವಿ ಜಿಲ್ಲೆಯ ಹಳೆಯ ಗ್ಯಾಸೆಟಿಯರ್ ಅಚ್ಚಾದದ್ದು 1884ರಲ್ಲಿ. ಧುಪದಾಳದ ಒಡ್ಡಿನಿಂದ ಹೊರಟ 71 ಕಿ.ಮೀ. ಕಾಲುವೆ ಪೂರ್ತಿಯಾದದ್ದು 1897ರಲ್ಲಿ. ಹಾಗಾದರೆ ಆ ಕಾಲುವೆ ಎಷ್ಟು ಹೊಲಗಳಿಗೆ ನೀರುಣಿಸಿತು ಎಂದು ಆ ಗ್ಯಾಸೆಟಿಯರ್‌ನಲ್ಲಿ ಹುಡುಕಿದರೆ ಸಿಕ್ಕೀತೇ? ಎಷ್ಟೇ ದಪ್ಪ ಪುಸ್ತಕವಾಗಲಿ, ಅಚ್ಚಾದ ವರ್ಷ ನೋಡದೆ ತೆರೆಯಬೇಡಿ!

ಈಗ ನನಗೆ ತುಂಬಾ ಇಷ್ಟವಾದದ್ದು. ಗೋಕಾಕ ಫಾಲ್ಸ್ ಬಗ್ಗೆ ಒಂದು ಮಾತು ನೀವೂ ಕೇಳಿರುತ್ತೀರಿ. 1887ರಲ್ಲೇ ಇಲ್ಲಿ ಕರೆಂಟು ತಯಾರಾಯ್ತು, ದೇಶದಲ್ಲೇ ಮೊದಲು! ಶಿವನಸಮುದ್ರದ ಬಗ್ಗೆ ಹೇಳುವುದೇನು ಗೊತ್ತೇ? 1902, ಏಷ್ಯಾದಲ್ಲೇ ಮೊದಲು! ಇವೆರಡರ ನಡುವೆ ಡಾರ್ಜಿಲಿಂಗ್ ಬಳಿಯ ಸಿದ್ರಾಪೋಂಗ್ ಇದೆ. ಅಲ್ಲಿನ ಜಲವಿದ್ಯುತ್ ಕೇಂದ್ರ 1897ರಲ್ಲೇ ಶುರುವಾಗಿತ್ತು. ಮೂರು ಊರು, ಮೂರು ‘ಮೊದಲು’!

ಈ ಗಂಟನ್ನು ಒಬ್ಬ ಒಳ್ಳೆಯ ಲೈಬ್ರರಿಯನ್ ಮುಂದೆ ಇಡಿ. ತಟ್ಟನೆ ಉತ್ತರ ಬರುವುದಿಲ್ಲ, ತಿರುಗಿ ಪ್ರಶ್ನೆಗಳೇ ಬರುತ್ತವೆ. ಇದನ್ನು ಹೇಳಿದವರು ಯಾರು? ಯಾವಾಗ ಬರೆದರು? ಯಾವುದರಲ್ಲಿ ಮೊದಲು? ನೀರಿನ ಬಲಕ್ಕೆ ಗಿರಣಿ ತಿರುಗಿದ್ದೋ, ನೀರಿನಿಂದ ವಿದ್ಯುತ್ ಹುಟ್ಟಿದ್ದೋ? ಹೌದಲ್ಲ, ಇವೆರಡೂ ಬೇರೆ ಬೇರೆ! 1887ರಲ್ಲಿ ಗೋಕಾಕದಲ್ಲಿ ಶುರುವಾದದ್ದು ಹತ್ತಿ ಗಿರಣಿ, ಅದನ್ನು ನಡೆಸಿದ್ದು ಜಲಪಾತದ ನೀರಿನ ಬಲ. ಇನ್ನು ಶಿವನಸಮುದ್ರ ಏಷ್ಯಾಕ್ಕೇ ಮೊದಲೇನಲ್ಲ. ಆದರೆ ಅಲ್ಲಿಂದ ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ತಂತಿಯಲ್ಲಿ ವಿದ್ಯುತ್ ಹೋಯಿತು. ಆ ಕಾಲಕ್ಕೆ ಅದೇ ದೊಡ್ಡ ಸಾಹಸ. ಒಂದು ‘ಮೊದಲು’ ಬಿಡಿಸಲು ಹೋದರೆ ಎಷ್ಟೆಲ್ಲ ಹೊರಬಿತ್ತು ನೋಡಿ!

ಮತ್ತೊಂದು ಸ್ವಾರಸ್ಯ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಯಾರ ಹೆಸರಿದೆ? ಶಿ.ಶಿ. ಬಸವನಾಳರದು. 1916ರಲ್ಲಿ ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆ ಕಟ್ಟಿದ ಏಳು ಶಿಕ್ಷಕರಲ್ಲಿ ಅವರೂ ಒಬ್ಬರು. ಲೈಬ್ರರಿಗೆ ಮೇಷ್ಟ್ರ ಹೆಸರು!

ಮತ್ತೆ ಪಾಠದ ವಿಷಯಕ್ಕೆ ಬನ್ನಿ. ಪಿಎಚ್.ಡಿ. ಮಾಡುವವರಿಗೆ ಈಗ ‘ಸಂಶೋಧನೆ ಮತ್ತು ಪ್ರಕಟಣೆಯ ನೀತಿ’ ಎಂಬ 30 ಗಂಟೆಗಳ ಪಾಠ ಕಡ್ಡಾಯ. ಡೇಟಾಬೇಸ್ ಹುಡುಕುವುದು, ದುಡ್ಡು ಪಡೆದು ಏನನ್ನು ಬೇಕಾದರೂ ಅಚ್ಚು ಹಾಕುವ ಮೋಸದ ಜರ್ನಲ್‌ಗಳನ್ನು ಗುರುತಿಸುವುದು, ಕೃತಿಚೌರ್ಯ ಪತ್ತೆ ಮಾಡುವುದು ಎಲ್ಲ ಅದರಲ್ಲಿವೆ. ಲೈಬ್ರರಿಯನ್ನರು ಪಳಗಿರುವುದು ಇದರಲ್ಲೇ!

ಕೃತಿಚೌರ್ಯ ಅಂದೆನಲ್ಲ? 2018ರ ಯುಜಿಸಿ ನಿಯಮ ಬಲು ಬಿಗಿ. ಪ್ರಬಂಧದಲ್ಲಿ ಬೇರೆಯವರ ಬರಹದೊಂದಿಗೆ ಹೋಲಿಕೆ ಶೇ. 10ರವರೆಗೆ ಇದ್ದರೆ ಶಿಕ್ಷೆಯಿಲ್ಲ. ಶೇ. 40ರವರೆಗೆ ಹೋದರೆ ತಿದ್ದಿ ಮತ್ತೆ ಕೊಡಬೇಕು. ಶೇ. 60 ದಾಟಿದರೆ ನೋಂದಣಿಯೇ ರದ್ದು!

ಬೇರೆಯವರ ಪಿಎಚ್.ಡಿ. ಪ್ರಬಂಧ ಓದಬೇಕೇ? ‘ಶೋಧಗಂಗಾ’ ತಾಣದಲ್ಲಿ 5 ಲಕ್ಷಕ್ಕೂ ಹೆಚ್ಚು ಇವೆ. ಕನ್ನಡದಲ್ಲಿ ಬರೆದವೂ ಇವೆ. ಒಂದು ಪೈಸೆ ಕೊಡಬೇಕಿಲ್ಲ!

2025ರ ಜನವರಿ 1ರಿಂದ ಇನ್ನೂ ದೊಡ್ಡ ಬಾಗಿಲು ತೆರೆದಿದೆ. ‘ಒಂದು ದೇಶ ಒಂದು ಚಂದಾ’ ಯೋಜನೆ. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು, ಸರಕಾರಿ ಉನ್ನತ ಶಿಕ್ಷಣ ಸಂಸ್ಥೆಗಳ ಸುಮಾರು 1.8 ಕೋಟಿ ವಿದ್ಯಾರ್ಥಿ, ಅಧ್ಯಾಪಕ, ಸಂಶೋಧಕರಿಗೆ ಉಚಿತ! ಮೂರು ವರ್ಷಕ್ಕೆ ಸರಕಾರ ಇಟ್ಟ ಹಣ 6,000 ಕೋಟಿ ರೂಪಾಯಿ. ಇಷ್ಟು ಇದ್ದರೂ ಲಾಗಿನ್ ಹೇಗೆ, ಯಾವ ಪದ ಹಾಕಿ ಹುಡುಕಬೇಕು ಎಂದು ಪಕ್ಕದಲ್ಲಿ ಕೂತು ತೋರಿಸುವವರು ಬೇಡವೇ? ಅಲ್ಲೂ ಲೈಬ್ರರಿಯನ್ನರೇ ಬೇಕು.

ಈಗಿನ ಎಐ ಚಾಟ್‌ಬಾಟ್‌ಗಳು ಇಲ್ಲದ ಪುಸ್ತಕಕ್ಕೂ ಹೆಸರು, ಲೇಖಕ, ಪುಟಸಂಖ್ಯೆ ಸಮೇತ ವಿವರ ಕೊಟ್ಟುಬಿಡುತ್ತವೆ. ಅದನ್ನು ನಂಬಿದವರು ಲೈಬ್ರರಿಗೆ ಬಂದು ಆ ಪುಸ್ತಕ ಬೇಕು ಎನ್ನುತ್ತಾರೆ! ಓದುವ ಮಕ್ಕಳ ಕಥೆ ಬಿಡಿ. ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ 2024ರ ಡಿಸೆಂಬರ್ ಆದೇಶವೊಂದರಲ್ಲಿ ಎಲ್ಲಿಯೂ ಇಲ್ಲದ ತೀರ್ಪುಗಳು ಸೇರಿಕೊಂಡಿದ್ದವು. ಕೊನೆಗೆ ಆ ಆದೇಶವನ್ನೇ ಹಿಂದಕ್ಕೆ ಪಡೆಯಬೇಕಾಯಿತು! ಉಪಾಯ ಸರಳ. ಉಲ್ಲೇಖದ ಹೆಸರನ್ನು ಲೈಬ್ರರಿಯ ಕ್ಯಾಟಲಾಗಿನಲ್ಲೋ ಜರ್ನಲ್‌ನ ಸ್ವಂತ ತಾಣದಲ್ಲೋ ಹಾಕಿ ನೋಡಿ. ಸಿಗದಿದ್ದರೆ ಅನುಮಾನ ಪಡಿ, ಲೈಬ್ರರಿಯನ್ನರನ್ನು ಕೇಳಿ.

ಲೈಬ್ರರಿಯನ್ ಕಣ್ಣಿಗೆ ಎಷ್ಟು ಬಲ ಎನ್ನುತ್ತೀರಾ? ಕೌಟಿಲ್ಯನ ಅರ್ಥಶಾಸ್ತ್ರ ನೂರಾರು ವರ್ಷ ಕಣ್ಮರೆಯಾಗಿತ್ತು. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಂಜಾವೂರು ಕಡೆಯ ಪಂಡಿತರೊಬ್ಬರು ಕೊಟ್ಟ ತಾಳೆಗರಿ ಕಟ್ಟಿನಲ್ಲಿ ಅದನ್ನು ಗುರುತು ಹಿಡಿದವರು ಅಲ್ಲಿನ ಗ್ರಂಥಪಾಲಕ ಆರ್. ಶಾಮಶಾಸ್ತ್ರಿ. 1909ರಲ್ಲಿ ಅದು ಅಚ್ಚಾಯಿತು, ಲೋಕವೇ ಬೆರಗಾಯಿತು!

ಕೊನೆಗೊಂದು ಸಂಖ್ಯೆ ನೆನಪಿಟ್ಟುಕೊಳ್ಳಿ: 894.814. ಪುಸ್ತಕಗಳನ್ನು ವಿಷಯವಾರು ಸಂಖ್ಯೆ ಕೊಟ್ಟು ಜೋಡಿಸುವ ಡ್ಯೂಯಿ ಪದ್ಧತಿಯ ಲೈಬ್ರರಿಗಳಲ್ಲಿ ಕನ್ನಡ ಸಾಹಿತ್ಯಕ್ಕೆ ಇರುವ ಸಂಖ್ಯೆ ಇದು. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯ ಚಂದ್ರಶೇಖರ ಕಂಬಾರ, ಗೋಕಾಕ ತಾಲ್ಲೂಕಿನ ಮಲಾಮರಡಿಯ ಬಸವರಾಜ ಕಟ್ಟೀಮನಿ, ಬೆಟಗೇರಿಯ ಆನಂದಕಂದ. ಮೂವರ ಕಥೆ, ಕಾದಂಬರಿ, ಕವನಗಳಿಗೂ ಬೆನ್ನ ಮೇಲಿನ ಚೀಟಿ 894.814ರಿಂದಲೇ ಶುರು!