ಕಾಳಿಯ ಬಿಳಿನೀರಲ್ಲಿ ಕಯಾಕ್

ಜೋಯಿಡಾ ತಾಲ್ಲೂಕಿನ ಗಣೇಶಗುಡಿಯಲ್ಲಿ ಕಾಳಿ ನದಿಯ ಅಬ್ಬರ ಮಳೆಯೊಂದನ್ನೇ ನಂಬಿಲ್ಲ. ಮೇಲ್ಗಡೆ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು, ಅದರ ಬುಡದಲ್ಲೇ ವಿದ್ಯುದಾಗಾರ. ಟರ್ಬೈನ್ ತಿರುಗಿ ನೀರು ಹೊರಬಿದ್ದರೆ ಕೆಳಗಿನ ಬಂಡೆಗಳ ನಡುವೆ ನೊರೆ ಏಳುತ್ತದೆ.

ನದಿಯ ರಭಸವನ್ನು 1ರಿಂದ 6ರವರೆಗಿನ ದರ್ಜೆಗಳಲ್ಲಿ ಅಳೆಯುತ್ತಾರೆ. ಇಲ್ಲಿನದು ಹೆಚ್ಚಾಗಿ 2 ಮತ್ತು 3. ರಾಫ್ಟ್‌ನಲ್ಲಾದರೆ ಹಲವರು ಒಟ್ಟಿಗೆ ಹುಟ್ಟು ಹಾಕುತ್ತಾರೆ, ಗೈಡ್ ಜೊತೆಗಿರುತ್ತಾನೆ. ಕಯಾಕ್‌ನಲ್ಲಿ ಒಬ್ಬರೇ, ದಾರಿ ಹುಡುಕುವ ಹೊಣೆಯೂ ಅವರದೇ.

ಬಂಡೆಯ ಹಿಂಬದಿಯಲ್ಲಿ ನೀರು ಹಿಮ್ಮುಖವಾಗಿ ತಿರುಗುವ ಜಾಗವೇ ತಂಗುದಾಣ. ಕಯಾಕರ್ ಅಲ್ಲಿ ನಿಂತು ಮುಂದಿನ ಇಳಿಜಾರನ್ನು ಓದಿಕೊಳ್ಳುತ್ತಾನೆ. ಮತ್ತೆ ಪ್ರವಾಹಕ್ಕೆ ಇಳಿಯುವಾಗ ದೋಣಿಯನ್ನು ಹರಿವಿನ ದಿಕ್ಕಿಗೆ, ಅಂದರೆ ಕೆಳಗಡೆಗೆ ವಾಲಿಸಬೇಕು. ಮೇಲ್ಗಡೆಯ ಅಂಚು ನೀರಿಗೆ ಸಿಕ್ಕರೆ ಕಣ್ಣು ಮಿಟುಕಿಸುವಷ್ಟರಲ್ಲಿ ದೋಣಿ ಮಗುಚುತ್ತದೆ!

ಆಗ ನೆರವಿಗೆ ಬರುವುದು ‘ರೋಲ್’. ಹುಟ್ಟನ್ನು ಬೀಸಿ, ಸೊಂಟ ತಿರುಗಿಸಿ, ತಲೆಯನ್ನು ಕೊನೆಗೆ ಮೇಲೆತ್ತುವ ತಂತ್ರ. ತಲೆ ಮೊದಲು ಎತ್ತಿದರೆ ಪ್ರಯತ್ನ ಕೆಡುತ್ತದೆ.

ಹೊಸಬರು ಮೊದಲು ನಿಂತ ನೀರಲ್ಲಿ ಇದನ್ನು ಕಲಿಯಲಿ. ಹೆಲ್ಮೆಟ್, ಲೈಫ್ ಜಾಕೆಟ್ ಕಡ್ಡಾಯ. ನೀರು ಬಿಡುವ ಸಮಯ ವಿಚಾರಿಸದೆ, ಜೊತೆಗಾರರಿಲ್ಲದೆ ನದಿಗೆ ಇಳಿಯಬೇಡಿ.