ಯುದ್ಧವಿಮಾನದ ಶಾಖ ಮತ್ತು ಅದರ ವೆಚ್ಚ

ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆಯು ಎಫ್-35 ಯುದ್ಧವಿಮಾನವನ್ನು ಕುರಿತು 2023ರ ಮೇ ತಿಂಗಳಲ್ಲಿ ನೀಡಿದ ವರದಿಯ ಒಂದು ಅಂಶವು ಉದ್ಯಮಿಗಳ ಗಮನಕ್ಕೆ ಅರ್ಹವಾದುದು. ಉಪಕರಣಗಳನ್ನು ತಂಪಾಗಿಡುವ ವ್ಯವಸ್ಥೆಯು ಮೂಲ ವಿನ್ಯಾಸದಲ್ಲಿ ಎಣಿಸಿದುದಕ್ಕಿಂತ ಅಧಿಕ ಗಾಳಿಯನ್ನು ಎಂಜಿನ್‌ನಿಂದ ಸೆಳೆಯುತ್ತಿರುವುದರಿಂದ ಎಂಜಿನ್ ಬೇಗ ಸವೆಯುತ್ತಿದ್ದು, ಇದರಿಂದ ಬೀಳುವ ಹೆಚ್ಚುವರಿ ನಿರ್ವಹಣಾ ಹೊರೆ 3,800 ಕೋಟಿ ಡಾಲರ್ ಎಂದು ಅಂದಾಜಿಸಲಾಗಿದೆ.

ಆಧುನಿಕ ರಾಡಾರ್ ಸೆಳೆಯುವ ವಿದ್ಯುತ್ತಿನ ಬಹುಪಾಲು ಶಾಖವಾಗಿ ಪರಿಣಮಿಸುತ್ತದೆ. ಹೊರಗಿನ ಗಾಳಿ ಅದನ್ನು ತಣಿಸಬಾರದೇ ಎಂಬ ಪ್ರಶ್ನೆ ಸಹಜ. ಆದರೆ 12 ಕಿಲೋಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ನೆಲಮಟ್ಟದ ಸುಮಾರು ಕಾಲುಭಾಗ ಮಾತ್ರ. ಶಬ್ದದ ಎರಡು ಪಟ್ಟು ವೇಗದಲ್ಲಿ ಸಾಗುವ ವಿಮಾನಕ್ಕೆ ಎದುರಾದ ಗಾಳಿ ತಡೆಗೊಂಡಾಗ 110 ಡಿಗ್ರಿ ಸೆಲ್ಸಿಯಸ್ ಮೀರಿ ಕಾಯುತ್ತದೆ.

ವಿಮಾನ ತೀವ್ರವಾಗಿ ತಿರುಗುವಾಗ ತೊಡಕು ಇನ್ನೂ ಹೆಚ್ಚು. 9 ಪಟ್ಟು ಗುರುತ್ವದಲ್ಲಿ ಒಂದು ಕಿಲೋ ದ್ರವವು ಒಂಬತ್ತು ಕಿಲೋ ತೂಗಿದಂತೆ ವರ್ತಿಸುತ್ತದೆ. ದ್ರವ ಆವಿಯಾಗಿ, ಮತ್ತೆ ತಣಿದು, ಬತ್ತಿಯ ಮೂಲಕ ಮರಳುವ ಶಾಖನಳಿಕೆಗಳಲ್ಲಿ ಈ ಬಲ ವಿರುದ್ಧ ದಿಕ್ಕಿಗೆ ಎಳೆದರೆ ಬಿಸಿಯ ತುದಿ ಒಣಗಿಹೋಗುತ್ತದೆ. ವಿಮಾನ ತಲೆಕೆಳಗಾದಾಗ ಸಾಧಾರಣ ತೊಟ್ಟಿಯಿಂದ ಪಂಪು ಗಾಳಿಯನ್ನೇ ಹೀರಬಹುದು. ಆದ್ದರಿಂದ ತೊಟ್ಟಿಯೊಳಗೆ ದ್ರವದ ಮೇಲೆ ಸದಾ ಒತ್ತಡವಿರುವಂತೆ ಮಾಡುತ್ತಾರೆ. ಹೆಚ್ಚಾಗಿ ಆಯ್ಕೆಯಾಗುವುದು ಕುದಿಯದೆ ಹರಿಯುವ ಸಂಶ್ಲೇಷಿತ ತೈಲ. ಅದು ಹೊತ್ತ ಶಾಖವನ್ನು ಹಲವು ವಿಮಾನಗಳಲ್ಲಿ ಇಂಧನಕ್ಕೆ ವರ್ಗಾಯಿಸಲಾಗುತ್ತದೆ. ಇಂಧನ ಕರಗಿದಂತೆ ಶಾಖಕ್ಕೆ ಸ್ಥಳವೂ ಕುಗ್ಗುತ್ತದೆ. ಅಸಲಿನಿಂದಲೇ ಖರ್ಚು ತೂಗಿಸುವ ವ್ಯಾಪಾರಿಗೆ ಈ ಸ್ಥಿತಿ ಅಪರಿಚಿತವಲ್ಲ.

ತೇಜಸ್ ವಿಮಾನಕ್ಕಾಗಿ 'ಉತ್ತಮ್' ರಾಡಾರನ್ನು ರೂಪಿಸಿರುವುದು ಬೆಂಗಳೂರಿನ ಎಲ್‌ಆರ್‌ಡಿಇ ಸಂಸ್ಥೆ. ಈ ಬಗೆಯ ರಾಡಾರ್‌ಗಳಿಗೆ ಬೇಕಾಗುವ ಶೀತಫಲಕಗಳು, ಅಂದರೆ ಒಳಗೆ ದ್ರವದ ಕಾಲುವೆಗಳಿರುವ ಅಲ್ಯೂಮಿನಿಯಂ ಫಲಕಗಳು, ಸಣ್ಣ ಘಟಕಗಳ ಕೈಗೆಟುಕದ ವಸ್ತುಗಳೇನಲ್ಲ. ಕಾಲುವೆ ಕೊರೆಯುವ ಕೌಶಲ ಪೀಣ್ಯದಲ್ಲಿ ಧಾರಾಳವಾಗಿದೆ. ಕಠಿಣವಾದುದು ನಿರ್ವಾತ ಕುಲುಮೆಯಲ್ಲಿ ಮುಚ್ಚಳವನ್ನು ಬೆಸೆಯುವುದು ಹಾಗೂ ತದನಂತರದ ಹೀಲಿಯಂ ಸೋರಿಕೆ ಪರೀಕ್ಷೆ.

ದರ ನಮೂದಿಸುವವರು ಎಡವುವುದೂ ಇಲ್ಲಿಯೇ. ಸೋರುವ ಫಲಕವು ಅದುವರೆಗಿನ ಎಲ್ಲ ಖರ್ಚನ್ನೂ ಹೊತ್ತುಕೊಂಡೇ ತಿರಸ್ಕೃತವಾಗುತ್ತದೆ. ಉದಾಹರಣೆಗೆ, ತಲಾ 20,000 ರೂಪಾಯಿ ವೆಚ್ಚದ ಹತ್ತು ಫಲಕಗಳಲ್ಲಿ ಎರಡು ಸೋರಿದರೆ, ಉಳಿದ ಎಂಟರ ನಿಜವಾದ ವೆಚ್ಚ ತಲಾ 25,000. ಶೇಕಡಾ 15 ಲಾಭ ಸೇರಿಸಿ 23,000ಕ್ಕೆ ಒಪ್ಪಿಕೊಂಡ ಘಟಕವು ಪ್ರತಿ ಫಲಕಕ್ಕೆ 2,000 ರೂಪಾಯಿ ಕೈಯಿಂದ ತೆರುತ್ತದೆ. ಗುಜರಿ ಬೆಲೆ ಈ ಕೊರತೆಯನ್ನು ತುಂಬಲಾರದು.